ಶ್ರೀನಿವಾಸಯ್ಯನವರ ಮೆಟ್ಟಿಲು

ಜೂನ್ 10

ಹೃದಯದ ಡಾಕ್ಟರು ಇವತ್ತು ನನಗೆ ವ್ಯಾಯಾಮ ಶುರುಮಾಡಬೇಕು ಎಂದರು. ನನಗೆ ನಗು ಬಂತು. ನಗಲು ಹೋಗಿ ಉಸಿರು ಸಾಲದೆ ಅವರ ಮೇಜಿನ ಅಂಚು ಹಿಡಿದುಕೊಂಡೆ.

ಮೂರು ವರ್ಷ ಶ್ರೀನಿವಾಸಯ್ಯನವರೂ ಇದನ್ನೇ ಹೇಳಿದ್ದರು. ನಮ್ಮ ಚಾಮರಾಜಪೇಟೆಯ ಅರ್ಧ ಜನರಿಗೆ ಅವರೇ ಡಾಕ್ಟರು, ನಮ್ಮ ಮನೆಗಂತೂ ದೇವರು. ಏದುಸಿರು ಎಂದು ಹೋದರೆ ತೂಕ ಜಾಸ್ತಿಯಾಗಿದೆ, ಬಿರಬಿರನೆ ನಡಿ ಎಂದರು. ನಡೆದೆ. ಲಾಲ್‌ಬಾಗಿನಲ್ಲಿ ಕಣ್ಣು ಕತ್ತಲಿಟ್ಟು ಬಿದ್ದೆ. ಗ್ಯಾಸ್ ಎಂದರು. ಕಾಲು ಊದಿತು. ಕೋರ್ಟಿನಲ್ಲಿ ಕೂತು ಕೂತು ಹೀಗಾಗಿದೆ ಎಂದರು. ಕೊನೆಗೆ, ಮದುವೆಯಿಲ್ಲದೆ ನಲವತ್ತು ಹತ್ತಿರ ಬಂದರೆ ಮನಸ್ಸು ಇಂಥ ಆಟವಾಡುತ್ತದೆ ಎಂದು ಅಮ್ಮನ ಎದುರಿಗೇ ಹೇಳಿದರು. ಪ್ರತಿ ಸಲವೂ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿ ನಾರ್ಮಲ್ ಎಂದು ನಗುತ್ತಿದ್ದರು.

ಒತ್ತಡ ಇದ್ದದ್ದು ತೋಳಿನಲ್ಲಲ್ಲ, ಶ್ವಾಸಕೋಶದ ರಕ್ತನಾಳಗಳಲ್ಲಿ. ಅದಕ್ಕೆ ಪಲ್ಮನರಿ ಹೈಪರ್‌ಟೆನ್ಷನ್ ಎಂದು ಹೆಸರು. ಕಿರಿದಾದ ನಾಳಗಳಿಗೆ ರಕ್ತ ನೂಕಿ ನೂಕಿ ನನ್ನ ಹೃದಯದ ಬಲಭಾಗ ಹಿಗ್ಗಿಹೋಗಿದೆ. ಏಪ್ರಿಲ್‌ನಲ್ಲಿ ಕೋರ್ಟ್ ಹಾಲಿನಲ್ಲೇ ಬಿದ್ದ ಮೇಲೆ, ಬೇರೆ ಆಸ್ಪತ್ರೆಯವರು ಎದೆಯ ಎಕೋ ಸ್ಕ್ಯಾನ್ ಮಾಡಿದ ಮೇಲೆ ಇದೆಲ್ಲ ಗೊತ್ತಾಯಿತು. ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಎಂದರು. ಮೊದಲೇ ಹೋಗಿದ್ದೆನಲ್ಲ, ಶ್ರೀನಿವಾಸಯ್ಯನವರ ಹತ್ತಿರ.

ಮಾತ್ರೆಗಳು ಹಿಡಿದಿವೆ, ಇನ್ನು ನಿಗಾದಲ್ಲಿ ವ್ಯಾಯಾಮ ಮಾಡಿದರೆ ಶಕ್ತಿ ಬರುತ್ತದಂತೆ. ಬರಲಿ. ಬಂದರೆ ನನಗೆ ಅದರಿಂದ ಆಗಬೇಕಾದ ಕೆಲಸ ಒಂದೇ. ಶ್ರೀನಿವಾಸಯ್ಯನವರ ಕ್ಲಿನಿಕ್ ಗ್ರಂಧಿಗೆ ಅಂಗಡಿಯ ಮೇಲಿದೆ, ಕಡಿದಾದ ಕಲ್ಲು ಮೆಟ್ಟಿಲು. ಸಂಜೆ ಹೊತ್ತು ಜನ ತುಂಬಿರುತ್ತಾರೆ. ಅಷ್ಟೂ ಜನರ ಮುಂದೆ ಹೇಳಬೇಕು.

ಫೋನ್ ಮಾಡಿದರೆ ಅವರೇ ಮನೆಗೆ ಬರ್ತಾರೆ ಎಂದು ಅಮ್ಮ ಹೇಳುತ್ತಾಳೆ. ಅವರು ನನ್ನ ಹಾಸಿಗೆಯ ಪಕ್ಕಕ್ಕೆ ಬಂದರೆ ನಾನು ಮತ್ತೆ ರೋಗಿ. ನಾನಾಗಿ ಹತ್ತಿ ಹೋದರೆ ಫಿರ್ಯಾದಿ.

ಜೂನ್ 14

ಮೊದಲ ಕ್ಲಾಸು. ಆಸ್ಪತ್ರೆಯ ಕೆಳಮಹಡಿಯ ಹಾಲು, ನಿಂತಲ್ಲೇ ತುಳಿಯುವ ಸೈಕಲ್ಲುಗಳು. ಫಿಸಿಯೋಥೆರಪಿಸ್ಟ್ ಜ್ಯೋತಿಲಕ್ಷ್ಮಿ ನನಗಿಂತ ಚಿಕ್ಕವಳು, ನಗುವುದು ಕಡಿಮೆ. ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿ, ಭಾರವೇ ಇಲ್ಲದ ಸೈಕಲ್ ತುಳಿಸಿದಳು. ಮಗುವಿನ ಆಟ. ಅಷ್ಟಕ್ಕೇ ಎದೆ ಬಡಿದುಕೊಂಡಿತು. ಉಸಿರು ಕಟ್ಟಿ ಮಾಡುವುದು ಏನೂ ಇಲ್ಲ, ತಲೆ ಹಗುರವಾದರೆ, ಎದೆ ನೊಂದರೆ ಅಲ್ಲೇ ನಿಲ್ಲಿಸಬೇಕು, ತುಳಿಯುತ್ತಲೇ ಮಾತಾಡಲು ಆಗಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತು ಎಂದರ್ಥವಂತೆ.

ಪಕ್ಕದ ಸೈಕಲ್ಲಿನಲ್ಲಿ ಆಂಜಿನಯ್ಯ ಎಂಬ ಹಿರಿಯರು. ಅಕ್ಕಿಪೇಟೆಯಲ್ಲಿ ಮಂಡಿ ನಡೆಸಿದವರು. ಶ್ವಾಸಕೋಶದಲ್ಲಿ ಹಳೆಯ ರಕ್ತದ ಗಡ್ಡೆಗಳು ಕೂತು ಅವರಿಗೂ ಇದೇ ಕಾಯಿಲೆ. ವಿ.ವಿ. ಪುರಂ ತಿಂಡಿ ಬೀದಿಯನ್ನು ಈ ತುದಿಯಿಂದ ಆ ತುದಿಗೆ ನಡೆಯಬೇಕೆನ್ನುವುದು ಅವರ ಆಸೆ. ನಿಮಗೇನು ಆಸೆ ಎಂದು ಕೇಳಿದರು. ಒಬ್ಬರ ಮೆಟ್ಟಿಲು ಹತ್ತಬೇಕು ಎಂದೆ. ಸಾಲಗಾರರಾ ಎಂದರು. ಹೌದು ಎಂದುಬಿಟ್ಟೆ.

ಜೂನ್ 23

ಅಮ್ಮನ ಜೊತೆ ಜಗಳ.

ಅದೇ ಕಥೆ ಮತ್ತೆ. ಅವಳು ಹೊಸದಾಗಿ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದ್ದಾಗ ಜ್ವರ ಬಂದು ಊರಿನ ಡಾಕ್ಟರುಗಳ ಹತ್ತಿರ ಹೋಗಿದ್ದಳು. ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಮಾತ್ರೆಯನ್ನು ಮೇಲಿಂದ ಅಂಗೈಗೆ ಹಾಕಿದ್ದರು. ಶ್ರೀನಿವಾಸಯ್ಯ ಆಗಿನ್ನೂ ಹುಡುಗ. ಕುರ್ಚಿ ತೋರಿಸಿ ಕೂತ್ಕೊಳ್ಳಿ ಎಂದು, ಅವಳ ಕೈಹಿಡಿದು ನಾಡಿ ನೋಡಿದರಂತೆ. ಮಾರಕ್ಕನವರೇ ಎಂದು ಕರೆದರಂತೆ. ಅಪ್ಪ ದೀಕ್ಷೆ ತೆಗೆದುಕೊಂಡು ಗೋಡೆಯ ಮೇಲಿದ್ದ ಪಟಗಳನ್ನೆಲ್ಲ ಇಳಿಸಿ ಬುದ್ಧನನ್ನು ಇಟ್ಟಾಗಲೂ ಅಮ್ಮನ ಮನಸ್ಸಿನೊಳಗಿನ ಈ ಒಂದು ಪಟ ಇಳಿಯಲಿಲ್ಲ.

"ನಿನ್ನನ್ನ ಕೂರಿಸಿದ್ರು, ಸರಿ. ನನ್ನನ್ನ ಮಲಗಿಸಿಬಿಟ್ರಲ್ಲ" ಎಂದೆ.

"ಬೇಕು ಅಂತ ಮಾಡಿದ್ರೇನೇ?"

ಬೇಕೆಂದು ಮಾಡಿದವನಿಗಾದರೆ ಕಾನೂನಿದೆ. ಕೇಳಿಸಿಕೊಳ್ಳದೆ ಮಾಡಿದವರಿಗೆ ಏನಿದೆ? ಹದಿನೈದು ವರ್ಷದಿಂದ ಕೋರ್ಟಿನಲ್ಲಿ ಸ್ಟೆನೋ ನಾನು, ಎಷ್ಟೋ ಜನರ ಸುಳ್ಳು ನಿಜಗಳನ್ನು ಒಂದೇ ಕೈಯಲ್ಲಿ ಬರೆದುಕೊಂಡಿದ್ದೇನೆ. ನನ್ನದನ್ನು ಯಾರೂ ಬರೆದುಕೊಳ್ಳಲಿಲ್ಲ. ಏದುಸಿರು ಎಂದು ನಾನು ಹೇಳಿದ್ದನ್ನು ಅವರು ಚೀಟಿಯಲ್ಲಿ ಆತಂಕ ಎಂದು ಬರೆದರು.

ಜುಲೈ 2

ಮಾತು ಸಿದ್ಧವಾಗುತ್ತಿದೆ. "ಇಲ್ಲಿ ಕೂತಿರುವ ಎಲ್ಲರೂ ಕೇಳಿ" ಎಂದು ಶುರು. ಅವರು ಹೇಳಿದ ಒಂದೊಂದು ಮಾತು, ಆಗ ನನಗಿದ್ದ ಸ್ಥಿತಿ, ಕೊನೆಗೆ ಎಕೋ ಹೇಳಿದ್ದು. ಅಳಬಾರದು. ದನಿ ಏರಬಾರದು. ಜಡ್ಜ್‌ಮೆಂಟ್ ಓದುವ ಹಾಗೆ.

ಇವತ್ತು ಜ್ಯೋತಿಲಕ್ಷ್ಮಿ ತುಳಿಯುತ್ತಾ ಮಾತಾಡಿ ಎಂದಾಗ ಬಾಯಿಗೆ ಬೇರೇನೂ ಬರಲಿಲ್ಲ, ಇದನ್ನೇ ಹೇಳಿದೆ. ಮೊದಲು ಮೆಲ್ಲಗೆ. ಆಮೇಲೆ ನೋಡಿದರೆ ಹಾಲಿನಲ್ಲಿ ಎಲ್ಲರ ಕಾಲೂ ನಿಂತಿತ್ತು. ಅರ್ಧದಲ್ಲಿ ಉಸಿರು ಸೋತಿತು. ಜ್ಯೋತಿಲಕ್ಷ್ಮಿ ಕೈಸನ್ನೆ ಮಾಡಿ ನನ್ನ ವೇಗ ತಗ್ಗಿಸಿದಳು.

ಆಂಜಿನಯ್ಯ ಹೇಳಿದರು: "ಚೆನ್ನಾಗೈತೆ ಮೇಡಂ. ಆದ್ರೆ ಉದ್ದ ಆಯ್ತು. ಬೈಯೋದು ಉದ್ದ ಆದ್ರೆ ಎದುರಿಗಿರೋನು ಪಾಪ ಅನ್ನಿಸ್ಬಿಡ್ತಾನೆ."

ಸ್ವಲ್ಪ ಮೊಟಕು ಮಾಡಬೇಕು.

ಜುಲೈ 19

ಈಗ ತೊಡೆಗೆ ಬಲ ಬಂದಂತಿದೆ. ಸೈಕಲ್ಲಿಗೆ ಕೊಂಚ ಭಾರ ಹಾಕಿದ್ದಾರೆ, ಕೈಗೆ ಹಗುರ ಡಂಬೆಲ್ಲು. ಸ್ನಾನ ಮಾಡಿ ಬಂದು ಮಲಗಬೇಕು ಅನ್ನಿಸುವುದಿಲ್ಲ. ಇವತ್ತು ಬಟ್ಟೆ ಒಣಹಾಕಿದೆ.

ಅಮ್ಮ ಮೊಣಕಾಲು ನೋವಿನ ನೆಪದಲ್ಲಿ ಅವರ ಹತ್ತಿರ ಹೋಗಿಬಂದಳು. ನನ್ನ ವಿಷಯ ಪೂರ್ತಿ ಹೇಳಲು ಅವಳಿಗೆ ಧೈರ್ಯ ಬಂದಿಲ್ಲ. ಎದೆಯದು ಏನೋ ಇದೆಯಂತೆ ಅಂದಿದ್ದಾಳೆ. ಅವರು, ಈಗಿನ ಆಸ್ಪತ್ರೆಗಳು ಹೆದರಿಸುತ್ತವೆ, ಹುಡುಗಿಗೆ ಧೈರ್ಯ ಹೇಳಿ, ಅರ್ಧ ಕಾಯಿಲೆ ಮನಸ್ಸಿನದು ಎಂದರಂತೆ. ಅಮ್ಮ ಇದನ್ನು ಸಮಾಧಾನದ ಮಾತೆಂದು ತಂದು ನನಗೆ ಕೊಟ್ಟಳು.

ಇನ್ನು ಕಾಯುವುದಿಲ್ಲ. ನಾಳೆ.

ಜುಲೈ 24

ಆಸ್ಪತ್ರೆಯಿಂದ ನಿನ್ನೆ ಬಿಟ್ಟರು.

ಅರ್ಧ ಮೆಟ್ಟಿಲು. ಸಿಟ್ಟಿನಲ್ಲಿ ಒಂದೇ ಉಸಿರಿಗೆ ಹತ್ತಿದೆ. ಮೇಲೆ ಅವರ ಬಾಗಿಲ ಪರದೆ ಕಂಡಿತು, ಆಮೇಲೆ ಏನೂ ಕಾಣಲಿಲ್ಲ. ಗ್ರಂಧಿಗೆ ಅಂಗಡಿಯ ವೆಂಕಟಪ್ಪನವರು ಹಿಡಿಯದಿದ್ದರೆ ತಲೆ ಒಡೆಯುತ್ತಿತ್ತು. ಮೇಲಕ್ಕೆ ಕರೆದುಕೊಂಡು ಹೋಗ್ತೀವಿ, ಡಾಕ್ಟ್ರು ಇದಾರೆ ಎಂದು ಜನ ಎತ್ತಲು ಬಂದರು. ಬೇಡ, ಅಲ್ಲಿಗೆ ಬೇಡ ಎಂದು ಕೈಮುಗಿದೆನಂತೆ. ನನಗೆ ನೆನಪಿಲ್ಲ.

ಅವರು ಮೇಲೆ ಇದ್ದರು. ಅವರಿಗೆ ಗೊತ್ತೇ ಆಗಲಿಲ್ಲ.

ಆಗಸ್ಟ್ 6

ಮತ್ತೆ ಭಾರವಿಲ್ಲದ ಸೈಕಲ್. ಮತ್ತೆ ಮೊದಲಿಂದ.

ಜ್ಯೋತಿಲಕ್ಷ್ಮಿ ಒಂದು ವಾರ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು. ಇವತ್ತು ಹಾಲಿನ ಮೂಲೆಯ ಮರದ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದಳು.

"ನೀವು ಅಲ್ಲೇ ಹೋಗಿಬಿಟ್ಟಿದ್ರೆ ಅವರಿಗೇನೂ ಆಗ್ತಿರಲಿಲ್ಲ ಮೇಡಂ. ಸಂಜೆ ಕ್ಲಿನಿಕ್ ತೆಗೀತಿದ್ರು. ಹತ್ತಲೇಬೇಕು ಅಂದ್ರೆ ಹತ್ತೋದು ಕಲೀರಿ."

ಕಲಿಸಿದಳು. ಮೆಟ್ಟಿಲ ಮೇಲೆ ಭಾರ ಹಾಕುವಾಗ ಉಸಿರು ಬಿಡಬೇಕು, ತುಟಿ ಕೂಡಿಸಿ, ಬಿಸಿ ಹಾಲು ಊದುವ ಹಾಗೆ. ಸುಸ್ತಾದ ಮೇಲೆ ನಿಲ್ಲುವುದಲ್ಲ, ಆಗುವ ಮೊದಲೇ ನಿಲ್ಲಬೇಕು. ನಿಲ್ಲುವುದಕ್ಕೆ ನನಗೆ ನಾಚಿಕೆ. ನಿಂತರೆ ಸೋತ ಹಾಗೆ. ಅದನ್ನೇ ಅವಳು ನೂರು ಸಲ ಮಾಡಿಸಿದಳು, ಹತ್ತು, ನಿಲ್ಲು, ಹತ್ತು, ನಿಲ್ಲು.

ದ್ವೇಷಕ್ಕೂ ಇಷ್ಟು ತಾಳ್ಮೆ ಬೇಕು ಎಂದು ಗೊತ್ತಿರಲಿಲ್ಲ.

ಸೆಪ್ಟೆಂಬರ್ 3

ಆಂಜಿನಯ್ಯ ಎರಡು ವಾರದಿಂದ ಬಂದಿಲ್ಲ. ಫೋನ್ ಮಾಡಿದರೆ ಅವರ ಮಗಳು ತೆಗೆದಳು. ಗಡ್ಡೆ ತೆಗೆಯುವ ದೊಡ್ಡ ಆಪರೇಷನ್ನಿಗೆ ಸೇರಿಸಿದ್ದಾರಂತೆ. ಎದೆ ತೆರೆದು, ಮೈ ತಣ್ಣಗೆ ಮಾಡಿ, ಹೃದಯ ನಿಲ್ಲಿಸಿ ಮಾಡುತ್ತಾರಂತೆ. ಕ್ಲಾಸಿನಲ್ಲಿ ಅವರ ಸೈಕಲ್ಲಿಗೆ ಬೇರೆಯವರನ್ನು ಕೂರಿಸಬೇಡಿ ಎಂದು ಜ್ಯೋತಿಲಕ್ಷ್ಮಿಗೆ ಹೇಳಿದೆ. ಹಾಗೆಲ್ಲ ಆಗಲ್ಲ ಮೇಡಂ ಎಂದಳು. ಆದರೂ ಕೂರಿಸಲಿಲ್ಲ.

ಸೆಪ್ಟೆಂಬರ್ 12

ಆಂಜಿನಯ್ಯನವರನ್ನು ನೋಡಿಬಂದೆ. ಲಿಫ್ಟಿನ ಮುಂದೆ ಸ್ಟ್ರೆಚರುಗಳು ಸಾಲುಗಟ್ಟಿದ್ದವು, ನೋಡುವ ಹೊತ್ತು ಮುಗಿಯುತ್ತದೆಂದು ಮೆಟ್ಟಿಲಲ್ಲೇ ಹೋದೆ. ಅವರು ಅರ್ಧ ಆಗಿಹೋಗಿದ್ದಾರೆ. ಎದೆಯ ಉದ್ದಕ್ಕೂ ಹೊಲಿಗೆ. ಆಪರೇಷನ್ ಚೆನ್ನಾಗಿ ಆಗಿದೆಯಂತೆ, ಆದರೆ ದನಿಯೇ ಇಲ್ಲ. ನನ್ನನ್ನು ನೋಡಿ ತುಟಿ ಆಡಿಸಿದರು. ಬಗ್ಗಿ ಕಿವಿಕೊಟ್ಟೆ.

"ಬೈದ್ರಾ?"

ಇನ್ನೂ ಇಲ್ಲ ಎಂದೆ. ತಲೆ ಅಲ್ಲಾಡಿಸಿ ಕಣ್ಣು ಮುಚ್ಚಿಕೊಂಡರು. ಮಗಳು, ಅಪ್ಪ ನಿಮ್ಮ ಕೇಸು ಏನಾಯ್ತು ಅಂತ ದಿನಾ ಕೇಳ್ತಾರೆ ಎಂದಳು.

ಸೆಪ್ಟೆಂಬರ್ 26

ಹೋದೆ. ಹತ್ತಿದೆ. ಹೇಳಿದೆ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಸಂಜೆ ಆಟೋದಲ್ಲಿ ಹೋದೆ. ವೆಂಕಟಪ್ಪನವರು ನನ್ನನ್ನು ಕಂಡವರೇ ಗಲ್ಲಾ ಬಿಟ್ಟು ಮೆಟ್ಟಿಲ ಬುಡಕ್ಕೆ ಬಂದು ನಿಂತರು. ಊದುತ್ತಾ, ನಿಲ್ಲುತ್ತಾ ಹತ್ತಿದೆ. ಮೇಲಿನಿಂದ ಇಳಿಯುವವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಪರದೆ ಸರಿಸಿ ಒಳಗೆ ಹೋದಾಗ ಮಾತಾಡುವಷ್ಟು ಉಸಿರು ನನ್ನ ಹತ್ತಿರ ಇತ್ತು.

ಬೆಂಚುಗಳು ತುಂಬಿದ್ದವು. ಇದೇ ಬೇಕಿತ್ತು. ಅವರು ಒಳಕೋಣೆಯಲ್ಲಿ ಯಾರನ್ನೋ ನೋಡುತ್ತಿದ್ದರು. ಈಚೆ ಬರಲಿ ಎಂದು ಗೋಡೆಗೆ ಒರಗಿ ನಿಂತೆ.

ಆಗ ಒಬ್ಬ ಹುಡುಗಿ ನನ್ನ ಹಿಂದೆಯೇ ಹತ್ತಿ ಬಂದಳು. ಜೊತೆಗೆ ಅತ್ತೆ ಇರಬೇಕು, ಹಿಂತಿರುಗಿ ಬೇಗ ಬಾರಮ್ಮ ಎನ್ನುತ್ತಿದ್ದಳು. ಹುಡುಗಿ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಕತ್ತಿನ ನರ ಎದ್ದು ಮಿಡಿಯುತ್ತಿತ್ತು. ತುಟಿ ನೇರಳೆ ಹಣ್ಣು ತಿಂದ ಹಾಗೆ. ಕಾಲಂದುಗೆ ಊದಿದ ಪಾದಕ್ಕೆ ಕಚ್ಚಿಕೊಂಡಿತ್ತು. ಯಾರೂ ನೋಡದ ಹಾಗೆ ಬಾಯಿಗೆ ಸೆರಗು ಅಡ್ಡ ಹಿಡಿದು ಉಸಿರಾಡುತ್ತಿದ್ದಳು. ನಾನೂ ಹಾಗೇ ಮಾಡುತ್ತಿದ್ದೆ, ಕೋರ್ಟಿನಲ್ಲಿ.

ಪಕ್ಕ ಕೂರಿಸಿಕೊಂಡು ಕೇಳಿದೆ. ಹೆಸರು ರಕ್ಷಿತಾ, ಮದುವೆಯಾಗಿ ಎರಡು ವರ್ಷ. ಸುಸ್ತು ಎಂದು ಬರುತ್ತಾಳೆ, ಡಾಕ್ಟರು ಟಾನಿಕ್ ಕೊಡುತ್ತಾರೆ. ಅತ್ತೆಯೇ ಮುಂದಿನದನ್ನು ಹೇಳಿದಳು: "ಒಂದು ಮಗು ಆದ್ರೆ ಎಲ್ಲಾ ಸರಿಹೋಗುತ್ತೆ ಅಂದವ್ರೆ ಡಾಕ್ಟ್ರು."

ನಮ್ಮಂಥವರಿಗೆ ಬಸಿರೆಂದರೆ ಏನಾಗಬಹುದೆಂದು ನನಗೆ ಹೃದಯದ ಡಾಕ್ಟರು ಬಿಡಿಸಿ ಹೇಳಿದ್ದಾರೆ.

ಅಷ್ಟರಲ್ಲಿ ಶ್ರೀನಿವಾಸಯ್ಯ ಬಾಗಿಲಿಗೆ ಬಂದರು. ನೋಡಿ ಆರು ತಿಂಗಳಾಗಿತ್ತು, ಬೆನ್ನು ಬಾಗಿದೆ. ನನ್ನನ್ನು ಕಂಡು ಮುಖ ಅರಳಿತು.

"ವಿಶಾಖಾ, ನೋಡ್ದೆಯಾ, ಹತ್ತಿ ಬಂದೆಯಲ್ಲ. ನಾನು ಹೇಳಿರಲಿಲ್ವಾ, ಧೈರ್ಯ ಬೇಕು ಅಂತ."

ನಾನು ಎದ್ದು ನಿಂತೆ. ತಿಂಗಳುಗಟ್ಟಲೆ ತಿದ್ದಿದ ಮಾತು ಒಂದೂ ಬರಲಿಲ್ಲ. ಬಂದದ್ದು ಇಷ್ಟು:

"ಡಾಕ್ಟ್ರೇ, ಮೂರು ವರ್ಷ ನಾನು ಸಾಯ್ತಾ ಇದ್ದೆ, ನೀವು ಗ್ಯಾಸ್ ಅಂದ್ರಿ. ಮದುವೆ ಆಗಿಲ್ಲ ಅದಕ್ಕೆ ಅಂದ್ರಿ. ನನ್ನ ಹೃದಯ ಹಿಗ್ಗಿಹೋಗಿದೆ. ಇನ್ನು ಸರಿಹೋಗಲ್ಲ. ಇಲ್ಲಿ ಇನ್ನೊಬ್ಬಳು ಕೂತಿದಾಳೆ. ಇವಳಿಗೆ ಮಗು ಆಗಲಿ ಅಂತಿದೀರ."

ಬೆಂಚಿನ ಮೇಲಿದ್ದ ಹಿರಿಯರೊಬ್ಬರು, ಏನಮ್ಮ ದೊಡ್ಡವರ ಹತ್ತಿರ ಮಾತಾಡೋ ರೀತಿನಾ ಇದು ಎಂದು ಎದ್ದರು. ಇನ್ನೂ ಒಂದಿಬ್ಬರು ಗೊಣಗಿದರು. ನಾನು ಚೀಲದಿಂದ ಎಕೋ ರಿಪೋರ್ಟು ತೆಗೆದು ಚಾಚಿದೆ. ಅವರು ಕನ್ನಡಕ ಏರಿಸಿ ಅಲ್ಲೇ ನಿಂತು ಓದಿದರು. ಎರಡನೆಯ ಸಲವೂ ಓದಿದರು.

ಆ ಹಿರಿಯರು ಮತ್ತೆ ಬಾಯಿ ತೆಗೆದಾಗ ಶ್ರೀನಿವಾಸಯ್ಯ ಕೈ ಎತ್ತಿ ತಡೆದರು.

"ಕೂತ್ಕೊಳ್ಳಿ. ಅವಳು ಹೇಳ್ತಿರೋದು ನಿಜ."

ಅಷ್ಟೂ ಜನರ ಮುಂದೆ. ನನಗೆ ಸಂತೋಷವಾಯಿತು. ಆಗಲಿಲ್ಲ ಎಂದು ಬರೆದರೆ ಸುಳ್ಳು.

ಆಮೇಲೆ ರಕ್ಷಿತಾಳನ್ನು ಒಳಗೆ ಕರೆದರು. ನಾನು ಕೇಳದೆಯೇ ಹಿಂದೆ ಹೋದೆ, ತಡೆಯಲಿಲ್ಲ. ಎದೆಗೆ ಸ್ಟೆತ್ ಇಟ್ಟು ತುಂಬ ಹೊತ್ತು ಕೇಳಿದರು. ಜಾಗ ಬದಲಿಸಿ ಕೇಳಿದರು. ನನ್ನ ಎದೆಯನ್ನು ಹೀಗೆ ಎಂದೂ ಕೇಳಿರಲಿಲ್ಲ. ತಲೆ ಎತ್ತಿದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. ಎಕೋಗೆ ಬರೆಯಿರಿ ಎಂದೆ. ಬರೆದರು. ಅರ್ಜೆಂಟ್ ಎಂದು ಬರೆಯಿರಿ ಎಂದೆ. ಅದನ್ನೂ ಬರೆದರು.

ನಾಳೆ ನಾನೇ ಅವಳನ್ನು ನಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಅವರ ಪೇಷೆಂಟನ್ನು ಅವರ ಕಣ್ಣೆದುರಿಗೇ ಕಿತ್ತುಕೊಂಡು ಬಂದೆ.

ಸೆಪ್ಟೆಂಬರ್ 30

ಹುಟ್ಟಿದಾಗಿಂದ ಇರುವ ರಂಧ್ರ ರಕ್ಷಿತಾಳ ಹೃದಯದಲ್ಲಿ. ಅದರಿಂದ ಶ್ವಾಸಕೋಶದ ಒತ್ತಡ ಏರಿದೆ, ಆದರೆ ಕೈಮೀರಿಲ್ಲ. ಮೊದಲು ಮಾತ್ರೆ, ಆಮೇಲೆ ರಂಧ್ರ ಮುಚ್ಚುವ ಯೋಚನೆ. ಬಸಿರು ಈಗ ಕೂಡದು, ಜೀವಕ್ಕೆ ಅಪಾಯ ಎಂದು ಹೃದಯದ ಡಾಕ್ಟರು ಅತ್ತೆಗೆ ಸ್ಪಷ್ಟವಾಗಿ ಹೇಳಿದರು. ಅತ್ತೆ ನನ್ನನ್ನು ಸುಡುವ ಹಾಗೆ ನೋಡಿದಳು. ಮನೆ ಹಾಳು ಮಾಡಲು ಬಂದವಳು ಎಂದು ಕಾರಿಡಾರಿನಲ್ಲಿ ಗೊಣಗಿದಳು.

ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಳು. ಕುರ್ಚಿ ಕೊಟ್ಟ ಮನುಷ್ಯನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿದೆ ಎಂದು. ಇವತ್ತು ಈ ಹುಡುಗಿಯ ವಿಷಯ ಹೇಳಿದೆ. ಕೇಳಿ ಸೀರೆ ಬದಲಿಸಿದಳು. ಆ ಅತ್ತೆಯ ಮನೆ ಎಲ್ಲಿ ಎಂದಳು. ಹೆರಿಗೆ ಆಸ್ಪತ್ರೆಯಲ್ಲಿ ಅವಳು ಕಂಡದ್ದನ್ನೆಲ್ಲ ಹೇಳಿ ಬಂದಿರಬೇಕು. ಸಂಜೆ ವಾಪಸು ಬಂದು, "ಕಳಿಸ್ತಾಳೆ, ಆಸ್ಪತ್ರೆಗೆ ಕಳಿಸ್ತಾಳೆ" ಎಂದಷ್ಟೇ ಹೇಳಿ ಅನ್ನಕ್ಕಿಟ್ಟಳು.

ಅಕ್ಟೋಬರ್ 9

ಶ್ರೀನಿವಾಸಯ್ಯ ಮನೆಗೆ ಬಂದರು. ಬಾಗಿಲಲ್ಲೇ ನಿಂತಿದ್ದರು. ಅಮ್ಮ ಒಳಗೆ ಕರೆದಳು.

ಕ್ಷಮೆ ಕೇಳಲು ಬಂದೆ ಎಂದರು. ಇಂಥ ಕಾಯಿಲೆ ಅಪರೂಪ, ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಹೇಳಿದರು: "ಚಿಕ್ಕ ವಯಸ್ಸಿನಿಂದ ನೋಡಿದ ಹುಡುಗಿ. ಗೊತ್ತಿರೋಳು ಅಂದ್ಕೊಂಡೆ. ಅದಕ್ಕೇ ನೋಡ್ಲಿಲ್ಲ." ಕ್ಲಿನಿಕ್ ಮುಚ್ಚಿಬಿಡುತ್ತೇನೆ, ವಯಸ್ಸಾಯಿತು ಎಂದರು.

ಮುಚ್ಚಿ ಮನೆಯಲ್ಲಿ ಹಾಯಾಗಿ ಕೂರುತ್ತಾರೆ. ಅಲ್ಲಿಗೆ ಮುಗಿಯಿತು. ಅಷ್ಟು ಸುಲಭವಾಗಿ ಬಿಡಬೇಕೇ ನಾನು?

"ಮುಚ್ಚಬೇಡಿ" ಎಂದೆ. "ನನ್ನ ಥರದವರು ಇನ್ನೆಷ್ಟು ಜನ ನಿಮ್ಮ ಹತ್ರ ಬಂದು ಹೋಗಿದಾರೋ. ಹುಡುಕಿ. ನಾನು ಬಂದು ಕೂರ್ತೀನಿ. ನೀವು ಸರಿಯಾಗಿ ನೋಡ್ತೀರೋ ಇಲ್ವೋ ಅಂತ ನೋಡ್ತೀನಿ."

ಕ್ಷಮಿಸಿದೆ ಎಂದು ಹೇಳಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಅಮ್ಮ ಕೊಟ್ಟ ಕಾಫಿ ಕುಡಿದು ಹೋದರು.

ನವೆಂಬರ್ 21

ಕೋರ್ಟಿಗೆ ಮತ್ತೆ ಹೋಗುತ್ತಿದ್ದೇನೆ, ನೆಲಮಹಡಿಯ ವಿಭಾಗಕ್ಕೆ ಹಾಕಿಸಿಕೊಂಡೆ. ಬೆಳಿಗ್ಗೆ ಮನೆಯಲ್ಲೇ ವ್ಯಾಯಾಮ, ಶನಿವಾರ ಕ್ಲಾಸು. ರಕ್ಷಿತಾಗೆ ಈಗ ಭಾರವಿಲ್ಲದ ಸೈಕಲ್. ಹಠಮಾರಿ, ಬೇಗ ತುಳಿಯುತ್ತಾಳೆ, ಮೊನ್ನೆ ಬೈದೆ. ಆಂಜಿನಯ್ಯ ಮನೆಗೆ ಬಂದಿದ್ದಾರೆ, ಫೋನಿನಲ್ಲಿ ದನಿ ಗಟ್ಟಿಯಾಗಿದೆ.

ಗುರುವಾರ ಸಂಜೆ ಕೋರ್ಟಿನಿಂದ ನೇರ ಕ್ಲಿನಿಕ್ಕಿಗೆ. ಇವತ್ತೂ ಹೋಗಿದ್ದೆ. ಬೆಂಚಿನ ತುದಿಯಲ್ಲಿ ಕೂತು, ಮೆಟ್ಟಿಲು ಹತ್ತಿ ಬಂದವರ ಉಸಿರು ನೋಡುತ್ತೇನೆ. ಈಗ ಬಾಗಿಲ ಪರದೆ ಎತ್ತಿಕಟ್ಟಿದ್ದಾರೆ, ಒಳಕೋಣೆಯಿಂದಲೂ ಮೆಟ್ಟಿಲು ಕಾಣುತ್ತದೆ. ಜನಕ್ಕೆ ನಾನು ಯಾರೆಂದು ತಿಳಿಯುವುದಿಲ್ಲ, ನರ್ಸ್ ಎಂದುಕೊಂಡಿದ್ದಾರೆ. ಅವರಿಗೆ ಮಾತ್ರ ಗೊತ್ತು. ನಾನಿರುವ ಸಂಜೆ ಅವರು ಒಬ್ಬೊಬ್ಬರನ್ನೂ ನಿಧಾನವಾಗಿ ನೋಡುತ್ತಾರೆ, ಊಟಕ್ಕೆ ತಡವಾಗುತ್ತದೆ, ಬೆನ್ನು ನೋಯುತ್ತದೆ. ನೋಯಲಿ. ನಾನಿರುವವರೆಗೂ ಅವರಿಗೆ ಬಿಡುಗಡೆ ಇಲ್ಲ.

ಇವತ್ತು ಹೂ ಕಟ್ಟುವ ಹೆಂಗಸೊಬ್ಬಳು ಬಂದಳು. ಮಂಡಿ ನೋವು ಎಂದು ಬಂದದ್ದು. ಮೆಟ್ಟಿಲ ಕೊನೆಯಲ್ಲಿ ಕೈ ಗೋಡೆಗಿಟ್ಟು ನಿಂತದ್ದನ್ನು ನಾನು ನೋಡಿದೆ. ಅವಳ ಸರದಿ ಬಂದು ಒಳಗೆ ಹೋದಾಗ ಹೇಳೋಣವೆಂದು ಎದ್ದೆ. ಅಷ್ಟರಲ್ಲಿ ಒಳಗಿನಿಂದ ಅವರ ದನಿ ಕೇಳಿಸಿತು.

"ಮಂಡಿ ಆಮೇಲೆ ನೋಡೋಣ ಕಣಮ್ಮ. ಹತ್ತಿ ಬರುವಾಗ ಯಾಕೆ ನಿಂತ್ಕೊಂಡೆ, ಅದನ್ನ ಮೊದಲು ಹೇಳು."

ನಾನು ಮತ್ತೆ ಕೂತೆ. ಅವಳು ಹೇಳತೊಡಗಿದಳು. ಅವರು ನಡುವೆ ಬಾಯಿ ಹಾಕಲಿಲ್ಲ.